ಮಗಳು ಹುಟ್ಟಿದ ಸದ್ದು

ಗೆಳೆಯರೇ, ಇವತ್ತು ದೋಹಾದ ಶೂಟಿಂಗ್ ರೇಂಜಿನಲ್ಲಿದ್ದಾಗ, ಸಹೋದ್ಯೋಗಿ ಪೊನ್ನಪ್ಪನಿಗೆ ಮಡಿಕೇರಿಯಲ್ಲಿ ಮಗಳು ಹುಟ್ಟಿದ ಸುದ್ದಿ ಬಂತು. ಅವರಲ್ಲಿ ಗಂಡು ಹುಟ್ಟಿದರೆ ಕೋವಿ ಹಾರಿಸುತ್ತಾರೆ.

"ಹೆಣ್ಣಿಗೆ ಆ ಪದ್ಧತಿ ಇಲ್ಲ ಮಗ," ಎಂದರು ಫೋನಿನಲ್ಲಿ ಅವನ ಅಪ್ಪ.

ಪೊನ್ನಪ್ಪ ಸ್ಪೀಕರ್ ಹಾಕಿ ಫೋನನ್ನು ನನ್ನ ಕೈಗಿತ್ತ. ಹಳೇ ಮಾದರಿಯಲ್ಲಿ ಹೊಸದಾಗಿ ಮಾಡಿದ ರೇಂಜಿನ ಕೋವಿಗೆ ಕರಿಮದ್ದಿನ ತೋಟಾ ತುಂಬಿ ಹಾರಿಸಿದ. ಬಿಳಿ ಹೊಗೆ ಕವಿಯಿತು.

"ಯಲ್ಲಾ, ಔರ್ ಏಕ್," ಎಂದು ತರಬೇತುದಾರ ಮತ್ತೊಂದು ತೋಟಾ ಚಾಚಿದ.

ಫೋನಿನಲ್ಲಿ ಅಪ್ಪ ಗಾಬರಿಯಾದರು. "ಬೇಡ ಮಗ, ಎರಡು ಹೊಡೆದರೆ ಸಾವಿನ ಸುದ್ದಿ. ಕೂಸಿಗೆ ಒಂದೇ ಹೊಡೆಯೋದು."

ಪೊನ್ನಪ್ಪ ಕೋವಿ ಕೆಳಗಿಟ್ಟು ಬಹಳ ಹೊತ್ತು ಕಣ್ಣೊರೆಸಿಕೊಂಡ.

ಇಲ್ಲದ ಪದ್ಧತಿಗೂ ನಿಯಮವಿತ್ತು ನೋಡಿ.