ಯಾರೂ ಹೊರಗೆ ಹೋಗಬಾರದು!

ಹಳೆಯ ಇಂಗ್ಲಿಷ್ ಪತ್ತೇದಾರಿ ಕತೆಯೊಂದನ್ನು ನಾನು ನಗೆನಾಟಕ ಮಾಡಿದ್ದೆ. ನನ್ನ ನಾಟಕದಲ್ಲಿ ಪೆದ್ದ ಅಂದರೆ ಪತ್ತೇದಾರನೇ. ಆದರೆ ಆ ಪಾತ್ರ ಮಾಡಿದ್ದು ಕಾರವಾರದ ನಮ್ಮ ತಂಡದ ನಿರ್ದೇಶಕ. ತನ್ನನ್ನು ನೋಡಿ ಜನ ನಗುವುದು ಅವನಿಗೆ ಬೇಡ. ತಾಲೀಮಿನಲ್ಲಿ ತನ್ನ ಪೆದ್ದುತನವನ್ನೆಲ್ಲ ಹೊಡೆದುಹಾಕಿ, ನಗೆಯನ್ನೆಲ್ಲ ಮೀನು ಮಾರುವ ಹೆಂಗಸಿನ ಪಾತ್ರದ ಮೇಲೆ ಹೇರಿದ. ಅವಳು ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳಬೇಕಂತೆ! ನಮ್ಮ ಆಯಿ ಬುಟ್ಟಿ ಹೊತ್ತು ಮೀನು ಮಾರಿಯೇ ನನ್ನನ್ನು ಓದಿಸಿದ್ದು. ನಾನು ಜಗಳಾಡಿದೆ. "ನಿಂಗೆ ಕಾಮಿಡಿ ತಿಳೂದಿಲ್ಲ" ಅಂದ.

ಹಾರವಾಡದಲ್ಲಿ, ಸಮುದ್ರದ ದಂಡೆಯ ಪಕ್ಕದಲ್ಲೇ ಸಂಜೆ ಪ್ರದರ್ಶನ. ಮುಂದಿನ ಸಾಲಿನ ತುಂಬ ಮೀನು ಮಾರುವ ಹೆಂಗಸರು. ಮೂಗು ಮುಚ್ಚಿದ್ದಕ್ಕೆ ಒಬ್ಬರೂ ನಗಲಿಲ್ಲ. ಕೊನೆಯ ದೃಶ್ಯದಲ್ಲಿ ಪತ್ತೇದಾರ ಎದೆಯುಬ್ಬಿಸಿ, "ಕೊಲೆಗಾರ ಇಲ್ಲೇ ಇದ್ದಾನೆ, ಯಾರೂ ಹೊರಗೆ ಹೋಗಬಾರದು!" ಎಂದು ಗುಡುಗಿದ. ಅದೇ ಹೊತ್ತಿಗೆ, ರಂಪಣಿ ಬಲೆ ತುಂಬಿದೆ ಎಂದು ದಂಡೆಯಿಂದ ಕೂಗು ಬಂತು. ಆ ದೊಡ್ಡ ಬಲೆಯನ್ನು ದಂಡೆಗೆ ಎಳೆಯಲು ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ನಮ್ಮಲ್ಲಿ ಮೀನಿನ ಪಾಲುಂಟು. ಇಡೀ ಸಭೆ ಎದ್ದು ಓಡಿತು. "ಯಾರೂ ಹೋಗಬಾರದು!" ಎಂದು ಅವನು ಮತ್ತೆ ಕಿರುಚಿದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತ ಓಡಿದರು.

ಆಮೇಲೆ ಅಂಕೋಲೆಯಲ್ಲಿ ಅವನಿಗೆ ಸನ್ಮಾನ. ಪ್ರೇಕ್ಷಕರೇ ಎದ್ದು ಓಡುವ ಆ ದೃಶ್ಯ ತನ್ನದೇ ಕಲ್ಪನೆ ಎಂದು ಶಾಲು ಹೊದ್ದುಕೊಂಡು ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ಹಗ್ಗ ಮುಟ್ಟದವನಿಗೆ ನಮ್ಮ ದಂಡೆಯಲ್ಲಿ ಒಂದು ಬಂಗಡೆ ಮೀನೂ ಸಿಗೂದಿಲ್ಲ.