ಓದಿ ಹೇಳ್ರಿ ಅನ್ನುತ್ತಿದ್ದ ತುಳಜಮ್ಮ

ಕಾಗದ ಕಂಡರೆ ಸಾಕು, ತುಳಜಮ್ಮ ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ರೇಷನ್ ಅಂಗಡಿಯಾಗಲಿ, ದವಾಖಾನೆಯಾಗಲಿ, ಮಸಿಯ ಡಬ್ಬಿ ಮುಂದೆ ಸರಿಸಿದರೆ ಅವಳದು ಒಂದೇ ಮಾತು: “ಮೊದಲ ಓದಿ ಹೇಳ್ರಿ. ಆಮ್ಯಾಲ ಹೆಬ್ಬಟ್ಟು.”

ಆ ಅಭ್ಯಾಸಕ್ಕೆ ಕಾರಣ ನಾನು.

ತುರ್ತುಪರಿಸ್ಥಿತಿಯ ದಿನಗಳು. ಹುಮನಾಬಾದ್ ಕಡೆ ನರ್ಸ್ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ಸಂತಾನಹರಣದ ಶಿಬಿರಗಳಿಗೆ ಮೇಲಿನಿಂದ ಗುರಿ ಗೊತ್ತುಮಾಡಿದ್ದರು. ಮುಟ್ಟದಿದ್ದರೆ ನೌಕರಿ ಹೋಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ. ಅಂಥ ಒಂದು ಶಿಬಿರಕ್ಕೆ ಹುಡಗಿ ಗ್ರಾಮದ ದಲಿತರ ಓಣಿಯಿಂದ ತುಳಜಮ್ಮ ಹೊಟ್ಟೆನೋವೆಂದು ಬಂದಳು. ಇಪ್ಪತ್ತರ ಆಸುಪಾಸಿನ ಹೆಣ್ಣು, ಕಂಕುಳಲ್ಲಿ ಒಂದೇ ಮಗು. “ನೋವಿಗೆ ಸಣ್ಣ ಆಪರೇಷನ್ ಅಂತ ಹೇಳು, ಹೆಬ್ಬಟ್ಟು ಒತ್ತಿಸು,” ಎಂದರು ಡಾಕ್ಟರು. ಹಾಗೇ ಹೇಳಿದೆ. ಅವಳ ಬೆರಳು ಹಿಡಿದು ನಾನೇ ಒತ್ತಿಸಿದೆ.

ಮರುವರ್ಷ ಆ ಮಗು ಜ್ವರದಲ್ಲಿ ತೀರಿಕೊಂಡಿತು. ಮತ್ತೆರಡು ವರ್ಷಕ್ಕೆ ಅವಳು ನಮ್ಮ ದವಾಖಾನೆಗೆ ಬಂದಳು. ಬಸಿರು ಯಾಕೆ ನಿಲ್ಲುತ್ತಿಲ್ಲ ಎಂದು ಕೇಳಿ, ಶಿಬಿರದಲ್ಲಿ ಕೊಟ್ಟಿದ್ದ ಚೀಟಿ ಮುಂದಿಟ್ಟಳು. ಮಕ್ಕಳಾಗದಂತೆ ಆಪರೇಷನ್ ಮಾಡಿದ್ದಾರೆಂದು ಓದಿ ಹೇಳಿದೆ. ಅಂದು ಒತ್ತಿಸಿದವಳು ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು ಅಳಲಿಲ್ಲ. “ಇಷ್ಟ ಸಣ್ಣ ಚೀಟಿ,” ಎಂದಳು. ಕೆಲವು ತಿಂಗಳಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ತಂದ.

ಆಮೇಲೆ ಕೂಲಿ ಬಿಟ್ಟು ಬಸುರಿಯರ ಜೊತೆ ದವಾಖಾನೆಗೆ ಬರತೊಡಗಿದಳು. ಯಾರೂ ಅವಳನ್ನು ನೇಮಿಸಿರಲಿಲ್ಲ. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಕೈಯಲ್ಲೇ ಪ್ರತಿ ಕಾಗದ ಓದಿಸುತ್ತಿದ್ದಳು.

ಒಮ್ಮೆ ಬಸವಕಲ್ಯಾಣದ ಕಡೆ ಶಿಬಿರ. ನಾನೂ ಕೆಲಸಕ್ಕೆ ಹೋಗಿದ್ದೆ. ತುಳಜಮ್ಮ ಮೂವರು ಹೆಂಗಸರ ಜೊತೆ ಬಸ್ಸಿಳಿದು ಬಂದಳು. ಡಾಕ್ಟರು ಸಿಡುಕಿದರು: “ಕುಟುಂಬ ಯೋಜನೆ ಬ್ಯಾಡ ಅಂತ ಹೇಳಿಕೊಡಾಕತ್ತೀಯೇನು?”

“ಬ್ಯಾಡ ಅನ್ನಂಗಿಲ್ರಿ ಸಾಹೇಬರ. ಬೇಕಾದಾಕಿ ಮಾಡಿಸಿಕೊಳ್ಳಲಿ, ಬ್ಯಾಡಾದಾಕಿ ಎದ್ದು ಹೋಗಲಿ. ಓದಿ ಹೇಳದ, ಖಬರ್ ಇಲ್ದಂಗ ಹೊಟ್ಟಿ ಕೊಯ್ಯಬ್ಯಾಡ್ರಿ.”

ಡಾಕ್ಟರು ನನ್ನತ್ತ ನೋಡಿದರು. ನಾನು ಒಪ್ಪಿಗೆಯ ಕಾಗದ ಎತ್ತಿಕೊಂಡು ಗಟ್ಟಿಯಾಗಿ ಓದಿದೆ. ಇಬ್ಬರು ಎದ್ದು ಹೋದರು. ಐದು ಹೆತ್ತಿದ್ದ ಮೂರನೆಯವಳು, “ನನಗ ಸಾಕಾಗ್ಯದ,” ಎಂದು ಒಳಗೆ ಹೋದಳು. ಅವಳ ಅತ್ತೆ ಬಂದು ಕೂಗಾಡಿದಾಗ ಬಾಗಿಲಿಗೆ ಅಡ್ಡ ನಿಂತವಳೂ ತುಳಜಮ್ಮನೇ.

ಆ ಶಿಬಿರ ಮುಗಿದ ಮೇಲೆ ನನ್ನನ್ನು ದೂರದ ಊರಿಗೆ ವರ್ಗ ಮಾಡಿದರು. ವರ್ಷಗಳ ಮೇಲೆ, ಅವಳಿಗೆ ಕಾಮಾಲೆ ಜೋರಾಗಿದೆ ಎಂದು ಕೇಳಿ ಹುಡಗಿ ಗ್ರಾಮಕ್ಕೆ ಹೋದೆ. ಕಣ್ಣುಗಳು ಅರಿಶಿನದಂತಾಗಿದ್ದವು. ಆವತ್ತು ನಿನ್ನ ಬೆರಳು ಹಿಡಿದವಳು ನಾನು ಎಂದು ಕಡೆಗೂ ಹೇಳಿದೆ.

“ಗೊತ್ತದರಿ. ಮುಖ ಮರೀತೇನೇನು?”

“ಮತ್ತ ಯಾಕ ಒಂದು ಮಾತೂ ಅನ್ನಲಿಲ್ಲ?”

“ನಿಮ್ಮನ್ನ ಬಿಟ್ರ ನಮಗ ಓದಿ ಹೇಳಾವರು ಯಾರಿದ್ರು?” ಎಂದಳು. ಗೋಡೆಯ ಕಡೆ ಹೊರಳಿದಳು. “ಆವತ್ತ ಓದಿ ಹೇಳಿದ್ರ ಎದ್ದು ಹೋಗ್ತಿದ್ದೆ. ಅಷ್ಟ ನೋಡ್ರಿ.”

ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಆ ವಾರವೇ ಅವಳು ತೀರಿಕೊಂಡಳು. ಮಣ್ಣಿಗೆ ಹೋದಾಗ ಓಣಿಯ ಹೆಂಗಸರು ಸರಿದು ನನಗೆ ಮುಂದೆ ಜಾಗ ಬಿಟ್ಟರು. ನಾನು ಹಿಂದೆಯೇ ನಿಂತೆ.