ಅಣಬೆಯ ಬೇರು

ಮೊನ್ನೆ ಮೊದಲ ಮಳೆ ಬಿದ್ದ ಮರುದಿನ, ಲಿಂಗಸುಗೂರಿನ ನಮ್ಮ ಮನೆಯ ಹಿತ್ತಲಿನಿಂದ ಮಗಳು ಒಂದು ಹಿಡಿ ಅಣಬೆ ಕಿತ್ತು ತಂದಳು. ಹಸಿಮಣ್ಣಿನ ವಾಸನೆ ಅಡುಗೆಮನೆಯವರೆಗೂ ಬಂತು. "ತಿನ್ನೋ ಜಾತಿ ಅಂತ ಮೊಬೈಲ್ ಹೇಳಾಕತ್ತೈತಿ, ಅಪ್ಪಾ."

"ಬೇರು ಎಲ್ಲೈತಿ?" ಎಂದೆ.

"ಸೈನ್ಸ್ ಮಾಸ್ತರಾಗಿ ಅಣಬಿಗೆ ಬೇರು ಕೇಳ್ತಿಯಲ್ಲ" ಎಂದು ನಕ್ಕಳು. ನಗಲಿ ಬಿಡಿ. ಆ ಪ್ರಶ್ನೆ ನನ್ನದಲ್ಲ, ಹುಸೇನಬೀ ಖಾಲಾ ಅವರದು.

ಪಾಮನಕಲ್ಲೂರಿನ ಶಾಲೆಗೆ ನಾನು ಹೊಸದಾಗಿ ಹೋದಾಗ, ಬಳೆ ಮಾರುತ್ತ ಊರಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ಅವರ ಮನೆಯ ಪಕ್ಕದಲ್ಲೇ ನಮ್ಮ ಬಾಡಿಗೆ ಮನೆ. ಹೆಂಡತಿ ಆರು ತಿಂಗಳ ಬಸುರಿ, ಅವಳಿಗೆ ಅಣಬೆ ಸಾರಿನ ಬಯಕೆ. ವಿಜ್ಞಾನದ ಮಾಸ್ತರ ಸುಮ್ಮನಿರುವುದುಂಟೆ? ಶಾಲೆಯ ಹಿಂದಿನ ತಿಪ್ಪೆಯ ಬಳಿ ಬಿಳಿ ಕೊಡೆಗಳನ್ನು ಕಂಡು, ಮಣ್ಣು ಹತ್ತದಂತೆ ನೀಟಾಗಿ ಕೊಯ್ದು ತಂದೆ. ಸಾರು ಹೇಳಿಕೊಡಲು ಬಂದ ಖಾಲಾ ಬುಟ್ಟಿಗೆ ಕೈ ಹಾಕಿದವರೇ ತಡೆದು ನಿಂತರು.

"ಬೇರು ಎಲ್ಲೈತ್ರೀ ಸರ?"

"ಅಣಬಿಗೆ ಬೇರಿರಂಗಿಲ್ಲ ಖಾಲಾ. ಪುಸ್ತಕದಾಗ ಬರದೈತಿ."

"ತಿನ್ನೋ ಹುತ್ತಿನ ಅಣಬಿದು ಬೇರು ಗೇಣುದ್ದ ಕೆಳಗ ಇಳಿದಿರ್ತೈತಿ. ಅದನ್ನ ನೋಡಲಾರದ ನಾ ಒಲಿಮ್ಯಾಲೆ ಇಡಂಗಿಲ್ಲ. ಬಸುರಿ ಹುಡುಗಿ ತಿನ್ನಾಕಿ."

ಬುಟ್ಟಿಯನ್ನು ಒಯ್ದು ತಿಪ್ಪೆಗೆ ಸುರಿದೇಬಿಟ್ಟರು. ಹೆಂಡತಿ ಮುಖ ಊದಿಸಿದಳು. ನನಗೆ ಮೈಯೆಲ್ಲ ಸಿಟ್ಟು. ಕೆಳಗೆ ಬಿದ್ದಿದ್ದ ಒಂದು ಕೊಡೆಯನ್ನು ಬಿಳಿ ಹಾಳೆಯ ಮೇಲಿಟ್ಟು ಬೋಗುಣಿ ಮುಚ್ಚಿದೆ. ಅದರಿಂದ ಉದುರುವ ಪುಡಿಯ ಬಣ್ಣದಿಂದ ಜಾತಿ ಗುರುತಿಸಬಹುದೆಂದು ಪುಸ್ತಕದಲ್ಲಿತ್ತು. ಖಾಲಾ ಅವರ ಬಾಯಿ ಮುಚ್ಚಿಸುವ ಹುಮ್ಮಸ್ಸು ನನ್ನದು.

ಮುಂಜಾನೆ ಬೋಗುಣಿ ಎತ್ತಿದರೆ ಹಸಿರು ಪುಡಿ. ಹಸಿರು ಪುಡಿಯದು ವಿಷದ ಜಾತಿಯೆಂದು ಅದೇ ಪುಸ್ತಕ ಹೇಳುತ್ತಿತ್ತು. ಹಾಳೆಯನ್ನು ಮಡಚಿ ಪುಸ್ತಕದೊಳಗೆ ಬಚ್ಚಿಟ್ಟೆ. ಅಷ್ಟರಲ್ಲಿ ಹೊಲದ ಕಡೆಯಿಂದ ಬಂದ ಖಾಲಾ ಸೆರಗಿನ ತುಂಬ ಅಣಬೆ ತಂದು ನಮ್ಮ ಕಟ್ಟೆಯ ಮೇಲೆ ಸುರಿದರು. ಒಂದೊಂದಕ್ಕೂ ಮಣ್ಣು ಮೆತ್ತಿದ ಉದ್ದನೆಯ ಬಾಲ. ಅವತ್ತು ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡೆ. ತಪ್ಪು ನನ್ನದೆಂದು ಮಾತ್ರ ಹೇಳಲಿಲ್ಲ. ನಾಚಿಕೆಯಾಗಿತ್ತು, ಈಗಲೂ ಆಗುತ್ತದೆ.

ಇದನ್ನೆಲ್ಲ ಹೇಳಿ, ಹಳೆಯ ಪುಸ್ತಕದಿಂದ ಆ ಹಾಳೆ ತೆಗೆದು ಮಗಳ ಮುಂದೆ ಬಿಚ್ಚಿದೆ. ಆಗ ಹೊಟ್ಟೆಯಲ್ಲಿದ್ದವಳು ಅವಳೇ. ಮಾಸಿದ ಹಸಿರನ್ನು ನೋಡುತ್ತ ನಿಂತಳು, ಆಮೇಲೆ ಖಾಲಾ ಅವರಿಗೆ ಫೋನು ಹಚ್ಚಿ ನನ್ನ ಕೈಗಿಟ್ಟಳು. ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡೆ.

"ಗೊತ್ತೈತಿ ಬಿಡ್ರಿ ಸರ," ಎಂದರು ಖಾಲಾ. "ಅವತ್ತಿಂದ ನಾ ಅಣಬಿ ತಂದಾಗೆಲ್ಲ ನೀವು ಮೊದಲ ಬೇರು ನೋಡತಿದ್ರಿ, ಆಮ್ಯಾಲೆ ಒಳಗ ಒಯ್ತಿದ್ರಿ. ನನಗ ಅಷ್ಟ ಸಾಕಿತ್ತು."

ಮಗಳು ಕುರ್ಪಿ ಹಿಡಿದು ಹಿತ್ತಲಿಗೆ ನಡೆದಳು. ಅಣಬೆ ಕಿತ್ತ ಜಾಗದಲ್ಲಿ ಇಬ್ಬರೂ ಗೇಣುದ್ದ ಅಗೆದೆವು. ಬೇರಿರಲಿಲ್ಲ.